ಓಟಿಗೇ ನಿಲ್ಲದ ಪ್ರಧಾನಿ: ತಿಹೊಮಿರ್ ಒರೆಶ್ಕೊವಿಚ್ ಅವರ ಒಂಬತ್ತು ತಿಂಗಳು

ಇವತ್ತಿನ ಕಥೆಯನ್ನು ನಿಮ್ಮ ಮನೆಯ ಮಾತ್ರೆ ಡಬ್ಬಿಯಿಂದ ಶುರು ಮಾಡೋಣ. ಕೇಳ್ತಾ ಇರುವಾಗಲೇ ಎದ್ದು ಹೋಗಿ ನೋಡಬೇಕಾಗಿಲ್ಲ, ಆಮೇಲೆ ನೋಡಿ. ಗಂಟಲು ನೋವು, ಜ್ವರ ಅಂದ್ರೆ ಡಾಕ್ಟರು ಬರೆದುಕೊಡೋ ಆ ಮಾತ್ರೆ, ಮೂರು ದಿನ ಅಥವಾ ಐದು ದಿನ, ದಿನಕ್ಕೊಂದು. ಅಜಿಥ್ರೊಮೈಸಿನ್. ಕೊರೊನಾ ಸಮಯದಲ್ಲಂತೂ ಬೇಕಿದ್ದವರಿಗೂ ಬೇಡದವರಿಗೂ ಸಿಕ್ಕಿದ ಮಾತ್ರೆ ಅದು. ನಮ್ಮನೇಲಿ ಒಂದು ಅರ್ಧ ಖಾಲಿಯಾದ ಸ್ಟ್ರಿಪ್ ಇನ್ನೂ ಇದೆ. ಹಾಗೆ ಅರ್ಧಕ್ಕೆ ಬಿಡಬಾರದು ಅಂತ ಗೊತ್ತು, ಬೈಬೇಡಿ.

ಈ ಔಷಧಿ ಹುಟ್ಟಿದ್ದು ಅಮೆರಿಕದಲ್ಲೂ ಅಲ್ಲ, ಜರ್ಮನಿಯಲ್ಲೂ ಅಲ್ಲ. ಝಾಗ್ರೆಬ್‌ನಲ್ಲಿ. ಈಗಿನ ಕ್ರೊಯೇಷಿಯಾದ ರಾಜಧಾನಿ, ಆಗ ಅದು ಯುಗೊಸ್ಲಾವಿಯಾದ ಒಂದು ಊರು. ಅಲ್ಲಿ ಪ್ಲಿವಾ ಅಂತ ಒಂದು ಔಷಧ ಕಂಪನಿ. ಅದರ ಲ್ಯಾಬ್‌ನಲ್ಲಿ 1980ರಲ್ಲಿ ಇದನ್ನು ಕಂಡುಹಿಡಿದರು, 1981ರಲ್ಲಿ ಪೇಟೆಂಟ್ ಮಾಡಿಸಿದರು. ಆಮೇಲೆ ಅಮೆರಿಕದ ಫೈಜರ್ ಅದನ್ನು ಲೈಸೆನ್ಸ್ ಮೇಲೆ ತಗೊಂಡು ಜಗತ್ತಿಗೆಲ್ಲ ಮಾರಿತು. ಸಮಾಜವಾದಿ ದೇಶವೊಂದರ ಕಂಪನಿ ಕಂಡುಹಿಡಿದ ಮಾತ್ರೆ ಬಂಡವಾಳಶಾಹಿ ಜಗತ್ತಿನ ಅತಿ ಹೆಚ್ಚು ಮಾರಾಟವಾಗುವ ಆ್ಯಂಟಿಬಯಾಟಿಕ್‌ಗಳಲ್ಲಿ ಒಂದಾಯ್ತು. ಅದೇ ಒಂದು ಎಪಿಸೋಡ್ ಆಗುತ್ತೆ, ಇನ್ನೊಂದು ದಿನ ಮಾಡೋಣ.

ಪ್ಲಿವಾ ಮುಂದೆ ಕೈಯಿಂದ ಕೈಗೆ ಹೋಯಿತು. 2006ರಲ್ಲಿ ಬಾರ್ ಅನ್ನೋ ಅಮೆರಿಕನ್ ಕಂಪನಿ ಕೊಂಡುಕೊಂಡಿತು. ಎರಡು ವರ್ಷದಲ್ಲಿ ಬಾರ್ ಅನ್ನೇ ಇಸ್ರೇಲ್‌ನ ಟೆವಾ ಕೊಂಡುಕೊಂಡಿತು. ಟೆವಾ ಅಂದ್ರೆ ಜೆನೆರಿಕ್ ಔಷಧಿಗಳಲ್ಲಿ ಜಗತ್ತಿನ ದೊಡ್ಡಣ್ಣ. ಆ ಟೆವಾದ ಹಣಕಾಸು ವಿಭಾಗದಲ್ಲಿ ಒಬ್ಬ ಮನುಷ್ಯ ಇದ್ದರು. ಲೆಕ್ಕ ನೋಡೋರು. ಕ್ರೊಯೇಷಿಯಾದ ಬೀದಿಯಲ್ಲಿ ಅವರು ನಡೆದುಕೊಂಡು ಹೋದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. 2016ರ ಜನವರಿ 22ರಂದು ಅವರು ಕ್ರೊಯೇಷಿಯಾದ ಪ್ರಧಾನಿ ಆದರು. ಚುನಾವಣೆಗೆ ನಿಂತಿರಲಿಲ್ಲ. ಪಕ್ಷ ಇರಲಿಲ್ಲ. ಸಂಸದರೂ ಅಲ್ಲ. ಇವತ್ತು ಅವರ ಕಥೆ.

ಈ ಕಥೆ ಯಾಕೆ ಈಗ ಅಂದ್ರೆ, ನನ್ನ ಕಾಲೇಜು ದಿನಗಳ ಒಂದು ವಾಟ್ಸ್ಆ್ಯಪ್ ಗ್ರೂಪ್ ಇದೆ. ರಸ್ತೆ ಗುಂಡಿ ಇರಲಿ, ಟ್ಯಾಕ್ಸ್ ಇರಲಿ, ಯಾವ ಚರ್ಚೆ ಶುರುವಾದರೂ ಕೊನೆಗೆ ಒಬ್ಬ ಬಂದು ಅದೇ ಮಾತು ಹಾಕ್ತಾನೆ: ‘ಈ ರಾಜಕಾರಣಿಗಳನ್ನೆಲ್ಲ ಮನೆಗೆ ಕಳಿಸಿ, ಒಬ್ಬ ಒಳ್ಳೆ ಸಿಇಒ ಕೈಗೆ ದೇಶ ಕೊಟ್ಟುಬಿಡಬೇಕು ಕಣ್ರೋ.’ ಹತ್ತು ಲೈಕು. ಸುಳ್ಳು ಯಾಕೆ ಹೇಳಲಿ, ನಾನೂ ಎಷ್ಟೋ ಸಲ ಲೈಕ್ ಒತ್ತಿದ್ದೀನಿ. ಈ ಕೆಲಸಕ್ಕೆ ಬರೋ ಮೊದಲು ಮೂರು ವರ್ಷ ಒಂದು ಕಂಪನಿಯ ಅಕೌಂಟ್ಸ್‌ನಲ್ಲಿ ಕೂತಿದ್ದವನು ನಾನು. ಲೆಕ್ಕ ಸರಿ ಇದ್ದರೆ ಎಲ್ಲ ಸರಿ ಹೋಗುತ್ತೆ ಅನ್ನೋ ನಂಬಿಕೆ ನನಗೂ ಇತ್ತು. ಕ್ರೊಯೇಷಿಯಾ ಈ ಪ್ರಯೋಗವನ್ನು ನಿಜಕ್ಕೂ ಮಾಡಿ ನೋಡಿದೆ. ಬರೀ ಲೈಕ್ ಒತ್ತಿ ಬಿಟ್ಟಿದ್ದಲ್ಲ.

ಮನುಷ್ಯನ ಪರಿಚಯ ಮೊದಲು. ತಿಹೊಮಿರ್ ಒರೆಶ್ಕೊವಿಚ್. ಹುಟ್ಟಿದ್ದು 1966ರ ಜನವರಿ 1, ಝಾಗ್ರೆಬ್‌ನಲ್ಲಿ. ‘ತಿಹ್’ ಅಂದ್ರೆ ಅವರ ಭಾಷೆಯಲ್ಲಿ ಮೌನ, ನಿಶ್ಶಬ್ದ. ‘ಮಿರ್’ ಅಂದ್ರೆ ಶಾಂತಿ. ಹೆಸರೇ ಹಾಗೆ. ಇನ್ನೂ ಚಿಕ್ಕ ಮಗುವಾಗಿದ್ದಾಗಲೇ ಅಪ್ಪ ಅಮ್ಮ ಕೆನಡಾಕ್ಕೆ ಹೊರಟರು. ಬೆಳೆದದ್ದು ಒಂಟಾರಿಯೊ ಪ್ರಾಂತ್ಯದ ಹ್ಯಾಮಿಲ್ಟನ್‌ನಲ್ಲಿ. ಅದು ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿ ತಿಹೊಮಿರ್ ‘ಟಿಮ್’ ಆದರು. ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮೊದಲು ಕೆಮಿಸ್ಟ್ರಿ ಓದಿದರು, ಆಮೇಲೆ ಎಂಬಿಎ. ಎಲಿ ಲಿಲ್ಲಿ ಕಂಪನಿಯಲ್ಲಿ ಸುಮಾರು ಹನ್ನೆರಡು ವರ್ಷ. ಅಲ್ಲಿಂದ ಟೆವಾ. 2009ರಲ್ಲಿ ಯುರೋಪಿಗೆ ಬಂದು ಈ ಭಾಗದ ಹಣಕಾಸು, ಪ್ಲಿವಾವನ್ನೂ ಸೇರಿಸಿ, ನೋಡಿಕೊಂಡರು. ಆಮೇಲೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೂತು ಟೆವಾದ ಜೆನೆರಿಕ್ ವಿಭಾಗದ ಸಿಎಫ್‌ಒ.

ಜೆನೆರಿಕ್ ಕಂಪನಿಯ ಸಿಎಫ್‌ಒ ಏನು ಮಾಡ್ತಾರೆ ಅಂತ ಒಂದು ನಿಮಿಷ ಹೇಳಿಬಿಡ್ತೀನಿ, ಮುಂದೆ ಬೇಕಾಗುತ್ತೆ. ಹೊಸ ಔಷಧಿ ಕಂಡುಹಿಡಿಯೋ ಕಂಪನಿಗೆ ಪೇಟೆಂಟ್ ಇರುತ್ತೆ, ಬೆಲೆ ಅವರದೇ. ಜೆನೆರಿಕ್ ಮಾಡೋರಿಗೆ ಆ ಸೌಲಭ್ಯ ಇಲ್ಲ. ಪೇಟೆಂಟ್ ಮುಗಿದ ದಿನ ಅದೇ ಮಾತ್ರೆಯನ್ನು ಹತ್ತು ಕಂಪನಿ ಮಾಡುತ್ತವೆ. ಯಾರು ಅಗ್ಗಕ್ಕೆ ಮಾಡ್ತಾರೋ ಅವರು ಬದುಕ್ತಾರೆ. ಹಾಗಾಗಿ ಈ ಕೆಲಸ ಅಂದ್ರೆ ದಿನಾ ಖರ್ಚು ಕಡಿಮೆ ಮಾಡೋದು. ಯಾವ ಫ್ಯಾಕ್ಟರಿ ಮುಚ್ಚಬೇಕು, ಯಾವುದನ್ನು ಎಲ್ಲಿಗೆ ಸ್ಥಳಾಂತರಿಸಬೇಕು, ಯಾವ ಸಾಲ ಯಾವಾಗ ತೀರಿಸಬೇಕು. ಎದುರಿಗೆ ಒಂದು ಎಕ್ಸೆಲ್ ಶೀಟು. ಕೆಂಪು ಬಣ್ಣದಲ್ಲಿರೋ ಅಂಕಿಯನ್ನು ಕಪ್ಪು ಮಾಡಬೇಕು, ಅಷ್ಟೇ. ತೀರ್ಮಾನ ಮಾಡಿದ ಮೇಲೆ ಒಂದು ಮೇಲ್ ಹೋಗುತ್ತೆ, ಆ ಕೆಲಸ ಆಗುತ್ತೆ. ಆಗದಿದ್ದರೆ, ಯಾಕಾಗಿಲ್ಲ ಅಂತ ಕೇಳೋ ಅಧಿಕಾರ ಇರುತ್ತೆ.

ಈಗ ದೇಶಕ್ಕೆ ಬರೋಣ. ಕ್ರೊಯೇಷಿಯಾ ಅಂದ್ರೆ ಆಗ ಸುಮಾರು 42 ಲಕ್ಷ ಜನ. ನಮ್ಮ ಬೆಂಗಳೂರಿನ ಅರ್ಧಕ್ಕಿಂತ ಕಡಿಮೆ. 2013ರ ಜುಲೈ 1ರಂದು ಯುರೋಪಿಯನ್ ಯೂನಿಯನ್ ಸೇರಿದ ದೇಶ. ಸೇರಿದಾಗ ಸಂಭ್ರಮಕ್ಕಿಂತ ಸುಸ್ತೇ ಹೆಚ್ಚಿತ್ತು, ಯಾಕಂದ್ರೆ 2009ರಿಂದ 2014ರವರೆಗೆ ಸತತ ಆರು ವರ್ಷ ಆರ್ಥಿಕತೆ ಕುಗ್ಗಿತ್ತು. ಸರ್ಕಾರದ ಸಾಲ ಜಿಡಿಪಿಯ ಶೇಕಡಾ 85ರ ಆಸುಪಾಸು. ಕೆಲಸ ಹುಡುಕುತ್ತಿದ್ದ ಯುವಜನರಲ್ಲಿ ಹತ್ತಕ್ಕೆ ನಾಲ್ಕು ಜನಕ್ಕೆ ಕೆಲಸ ಇಲ್ಲ. ಐರ್ಲೆಂಡ್‌ಗೆ, ಜರ್ಮನಿಗೆ ಬಸ್ಸು ಹತ್ತಿ ಹೋದವರು ಹೋದರು. ನಿಮ್ಮ ವಯಸ್ಸಿನವರೇ.

ಎರಡು ದೊಡ್ಡ ಪಕ್ಷ. ಬಲಪಂಥದ ಎಚ್‌ಡಿಝೆಡ್, ಎಡಪಂಥದ ಎಸ್‌ಡಿಪಿ. ಸ್ವಾತಂತ್ರ್ಯ ಬಂದಾಗಿನಿಂದ ಇವರ ನಂತರ ಅವರು, ಅವರ ನಂತರ ಇವರು. ಇಬ್ಬರನ್ನೂ ನೋಡಿ ಜನ ಬೇಸತ್ತಿದ್ದರು. 2015ರ ನವೆಂಬರ್ 8ರ ಚುನಾವಣೆಯಲ್ಲಿ ಮೂರನೇ ಒಂದು ಗುಂಪು ಎದ್ದು ಬಂತು: ‘ಮೊಸ್ಟ್’. ಅಂದ್ರೆ ಸೇತುವೆ. ದಕ್ಷಿಣದ ಮೆಟ್ಕೊವಿಚ್ ಅನ್ನೋ ಪುಟ್ಟ ಊರಿನ ಮೇಯರ್, ವೃತ್ತಿಯಲ್ಲಿ ಮನೋವೈದ್ಯ, ಬೊಜೊ ಪೆಟ್ರೋವ್ ಅದರ ನಾಯಕ. ಫಲಿತಾಂಶ ಹೀಗೆ: ಒಟ್ಟು 151 ಸ್ಥಾನ. ಎಚ್‌ಡಿಝೆಡ್ ಕೂಟಕ್ಕೆ 59, ಎಸ್‌ಡಿಪಿ ಕೂಟಕ್ಕೆ 56, ಮೊಸ್ಟ್‌ಗೆ 19. ಬಹುಮತಕ್ಕೆ 76 ಬೇಕು. ಅತಂತ್ರ ಸದನ ಅಂದ್ರೆ ಏನಾಗುತ್ತೆ ಅಂತ ಕನ್ನಡಿಗರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ರೆಸಾರ್ಟು ಇರಲಿಲ್ಲ, ಬಾಕಿ ಎಲ್ಲ ಇತ್ತು. ವಾರಗಟ್ಟಲೆ ಮಾತುಕತೆ, ಮಧ್ಯರಾತ್ರಿ ಸಭೆ, ಬೆಳಿಗ್ಗೆ ಒಂದು ಹೇಳಿಕೆ ಸಂಜೆ ಇನ್ನೊಂದು.

ಮೊಸ್ಟ್‌ನವರ ಷರತ್ತು ಏನು ಅಂದ್ರೆ, ಪ್ರಧಾನಿ ಎರಡೂ ದೊಡ್ಡ ಪಕ್ಷದವರಾಗಬಾರದು. ಹೊರಗಿನವರು ಬೇಕು. ಕಳಂಕ ಇಲ್ಲದವರು, ಆರ್ಥಿಕತೆ ಗೊತ್ತಿರುವವರು. ಡಿಸೆಂಬರ್ 23ರಂದು, ಆಗಿನ ಪ್ರಧಾನಿ, ಎಸ್‌ಡಿಪಿಯ ಝೊರಾನ್ ಮಿಲಾನೊವಿಚ್ ಅವರಿಗೆ ಮೊಸ್ಟ್ ತಮ್ಮ ಕಡೆಗೇ ಬರುತ್ತೆ ಅನ್ನೋ ಭರವಸೆ ಇತ್ತು. ಅದೇ ದಿನ ಮೊಸ್ಟ್ ಎಚ್‌ಡಿಝೆಡ್ ಕಡೆಗೆ ವಾಲಿತು. ಅದೇ ದಿನ ಅಧ್ಯಕ್ಷೆ ಕೊಲಿಂಡಾ ಗ್ರಾಬರ್ ಕಿಟರೊವಿಚ್ ಒಂದು ಹೆಸರು ಘೋಷಿಸಿದರು. ಕೊಲಿಂಡಾ ಯಾರು ಅಂತ ನಿಮಗೆ ಗೊತ್ತು, 2018ರ ವಿಶ್ವಕಪ್ ಫೈನಲ್ ಆದಮೇಲೆ ಮಾಸ್ಕೊದ ಮಳೆಯಲ್ಲಿ ಕೆಂಪು ಬಿಳಿ ಚೌಕಳಿ ಜೆರ್ಸಿ ಹಾಕಿಕೊಂಡು ಆಟಗಾರರನ್ನೆಲ್ಲ ತಬ್ಬಿಕೊಂಡರಲ್ಲ, ಅವರೇ. ಅವರು ಘೋಷಿಸಿದ ಹೆಸರು: ತಿಹೊಮಿರ್ ಒರೆಶ್ಕೊವಿಚ್. ಬಹುತೇಕ ಜನ ಆ ಹೆಸರನ್ನು ಕೇಳಿದ್ದೇ ಆವತ್ತು.

ಮತ್ತೆ ಅವರು ಬಾಯಿ ತೆರೆದರು. ಸಮಸ್ಯೆ ಶುರುವಾದದ್ದು ಅಲ್ಲೇ. ಹ್ಯಾಮಿಲ್ಟನ್‌ನ ಮನೆಯಲ್ಲಿ ಕೇಳಿ ಕಲಿತ ಕ್ರೊಯೇಷಿಯನ್ ಭಾಷೆ ಅದು. ಕೆನಡಾದ ರಾಗ, ತಡವರಿಸುವ ಪದಗಳು, ತಪ್ಪುವ ವಿಭಕ್ತಿಗಳು. ಕ್ರೊಯೇಷಿಯನ್‌ನಲ್ಲಿ ಏಳು ವಿಭಕ್ತಿ ಇವೆ, ನಮ್ಮ ಹಾಗೆಯೇ ಪದದ ಬಾಲ ಬದಲಾಗುತ್ತೆ, ಸ್ವಲ್ಪ ಜಾರಿದರೆ ಅರ್ಥವೇ ಎಡವುತ್ತೆ. ಇಂಟರ್ನೆಟ್ಟು ಸುಮ್ಮನಿರುತ್ತಾ? ಮೀಮ್‌ಗಳ ಸುರಿಮಳೆ.

ನನ್ನ ಚಿಕ್ಕಪ್ಪನ ಮಗ ಒಬ್ಬ ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದವನು. ಊರಿಗೆ ಬಂದರೆ ಕನ್ನಡದಲ್ಲೇ ಮಾತಾಡಬೇಕು ಅಂತ ಹಠ ಅವನಿಗೆ. ‘ಅಜ್ಜಿ ಬಂದ, ತಾತ ಬಂದಳು’ ಅಂತಾನೆ. ನಾವು ನಗ್ತೀವಿ, ಅಜ್ಜಿ ಮಾತ್ರ ‘ಮಗು ಪ್ರಯತ್ನ ಪಡ್ತಿದೆ, ನಗಬೇಡ್ರೋ’ ಅಂತ ಬೈತಾರೆ. ಆದರೆ ಅದೇ ಹುಡುಗ ನಾಳೆ ವಿಧಾನಸೌಧದ ಮೆಟ್ಟಿಲ ಮೇಲೆ ನಿಂತು, ನಿಮ್ಮ ಪಿಂಚಣಿಯನ್ನು ನಾನು ನೋಡಿಕೊಳ್ತೀನಿ ಅಂದರೆ? ಅಜ್ಜಿಗೂ ಸ್ವಲ್ಪ ಭಯ ಆಗುತ್ತೆ. ಉಚ್ಚಾರಣೆ ತಮಾಷೆ ಅನ್ನೋದಲ್ಲ ವಿಷಯ. ನಮ್ಮ ಜಗಳ, ನಮ್ಮ ಹಳೇ ದ್ವೇಷ, ಯಾರು ಯಾಕೆ ಯಾರ ಜೊತೆ ಮಾತು ಬಿಟ್ಟಿದ್ದಾರೆ, ಇದೆಲ್ಲ ಇವನಿಗೆ ಗೊತ್ತಿದೆಯಾ ಅನ್ನೋ ಅನುಮಾನ. ಕ್ರೊಯೇಷಿಯಾದಂಥ ದೇಶದಲ್ಲಿ, 1990ರ ದಶಕದ ಯುದ್ಧ ಇನ್ನೂ ಮನೆಮನೆಯ ಮಾತಾಗಿರೋ ಕಡೆ, ಆ ಅನುಮಾನ ಸಣ್ಣದಲ್ಲ.

ಆದರೂ ಅವರಿಗೆ ಒಂದು ಸದಾಶಯದ ಅಲೆ ಇತ್ತು ಅನ್ನೋದನ್ನು ಮರೆಯಬಾರದು. ಜನವರಿ 22ರಂದು ಸಂಸತ್ತು, ಅಲ್ಲಿ ಅದಕ್ಕೆ ‘ಸಾಬೊರ್’ ಅಂತಾರೆ, 83 ಮತಗಳಿಂದ ಸರ್ಕಾರವನ್ನು ಒಪ್ಪಿತು. ಪಕ್ಷವಿಲ್ಲದ ಮೊದಲ ಪ್ರಧಾನಿ.

ಈ ಜಾಗದಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಎಲ್ಲ ಇರೋದು ಇಲ್ಲೇ. ಆ 83 ಮತಗಳಲ್ಲಿ ಅವರದು ಅಂತ ಎಷ್ಟು? ಒಂದೂ ಇಲ್ಲ. ಎಚ್‌ಡಿಝೆಡ್ ಅಧ್ಯಕ್ಷ ತೊಮಿಸ್ಲಾವ್ ಕರಮಾರ್ಕೊ ಮೊದಲ ಉಪಪ್ರಧಾನಿ. ಅವರು ಮೊದಲು ಗುಪ್ತಚರ ಸಂಸ್ಥೆಯ ಮುಖ್ಯಸ್ಥರಾಗಿದ್ದವರು, ಗೃಹ ಸಚಿವರೂ ಆಗಿದ್ದವರು, ಯಾವ ಬೀಗಕ್ಕೆ ಯಾವ ಕೀಲಿ ಅಂತ ಗೊತ್ತಿರುವವರು. ಮೊಸ್ಟ್‌ನ ಪೆಟ್ರೋವ್ ಇನ್ನೊಬ್ಬ ಉಪಪ್ರಧಾನಿ. ಸಚಿವರನ್ನು ಹಂಚಿಕೊಂಡವರೂ ಬಹುಪಾಲು ಆ ಎರಡು ಕಡೆಯವರೇ. ಮಧ್ಯೆ ಕೂತವರು ಟಿಮ್.

ಕಂಪನಿ ಭಾಷೆಯಲ್ಲಿ ಹೇಳಬೇಕು ಅಂದ್ರೆ, ಇಬ್ಬರು ಪ್ರಮೋಟರ್‌ಗಳು ಎಲ್ಲ ಷೇರು ಇಟ್ಟುಕೊಂಡಿದ್ದಾರೆ. ಇಬ್ಬರಿಗೂ ಪರಸ್ಪರ ನಂಬಿಕೆ ಇಲ್ಲ. ಅದಕ್ಕೇ ಹೊರಗಿನ ಮ್ಯಾನೇಜರ್ ಒಬ್ಬರನ್ನು ತಂದು ಕೂರಿಸಿದ್ದಾರೆ. ಹೊರಗೆ ಬೋರ್ಡಿನ ಮೇಲೆ ಅವರ ಹೆಸರು. ಆದರೆ ಒಳಗೆ ಯಾವ ವಿಭಾಗದ ಮುಖ್ಯಸ್ಥನನ್ನೂ ಅವರು ಒಬ್ಬರೇ ತೆಗೆಯೋ ಹಾಗಿಲ್ಲ. ಕಂಪನಿಯ ಸಿಎಫ್‌ಒ ‘ಯಾಕಾಗಿಲ್ಲ’ ಅಂತ ಕೇಳಬಹುದು ಅಂದೆನಲ್ಲ? ಇಲ್ಲಿ ಕೇಳಬಹುದು, ಉತ್ತರ ಕೊಡೋರು ಬೇರೆಯವರಿಗೆ ಕೊಡ್ತಾರೆ.

ಮೊದಲ ವಾರವೇ ಏಟು. ಯುದ್ಧದಲ್ಲಿ ಹೋರಾಡಿದ ಮಾಜಿ ಯೋಧರ ಖಾತೆಗೆ ಸಚಿವರಾಗಿ ಬಂದವರು ಆರೇ ದಿನಕ್ಕೆ ರಾಜೀನಾಮೆ ಕೊಡಬೇಕಾಯ್ತು, ಜಮೀನು ಮತ್ತು ವಿಳಾಸಕ್ಕೆ ಸಂಬಂಧಿಸಿದ ವಿವಾದ. ಸಂಸ್ಕೃತಿ ಸಚಿವರ ಹಳೆಯ ಬರಹಗಳ ಮೇಲೆ ಕಲಾವಿದರ ಪ್ರತಿಭಟನೆ. ಶಾಲಾ ಪಠ್ಯಕ್ರಮ ಬದಲಾಯಿಸೋ ಒಂದು ದೊಡ್ಡ ಯೋಜನೆ ನಡೀತಿತ್ತು, ಅದರಲ್ಲಿ ರಾಜಕೀಯ ಕೈಹಾಕ್ತಿದೆ ಅಂತ ಅದರ ತಜ್ಞರು ಹೊರನಡೆದರು. ಜೂನ್ 1ರಂದು ಝಾಗ್ರೆಬ್‌ನ ಮುಖ್ಯ ಚೌಕದಲ್ಲಿ ಹತ್ತಾರು ಸಾವಿರ ಜನ, ಬೇರೆ ಊರುಗಳಲ್ಲೂ ಜನ, ಟೀಚರುಗಳು, ಅಪ್ಪ ಅಮ್ಮಂದಿರು, ವಿದ್ಯಾರ್ಥಿಗಳು. ‘ಕ್ರೊಯೇಷಿಯಾ ಇದಕ್ಕಿಂತ ಚೆನ್ನಾಗಿ ಮಾಡಬಲ್ಲದು’ ಅನ್ನೋದು ಅವರ ಘೋಷಣೆ. ಇದ್ಯಾವುದಕ್ಕೂ ಎಕ್ಸೆಲ್‌ನಲ್ಲಿ ಕಾಲಂ ಇಲ್ಲ.

ಆದರೆ ಎಕ್ಸೆಲ್‌ನಲ್ಲಿ ಕಾಲಂ ಇದ್ದ ಕೆಲಸ? ಅದು ಆಯ್ತು. ಮಾರ್ಚ್‌ನಲ್ಲಿ ಬಜೆಟ್ ಪಾಸಾಯ್ತು. 2015ರಲ್ಲಿ ಕೊರತೆ ಜಿಡಿಪಿಯ ಶೇಕಡಾ 3ಕ್ಕಿಂತ ಮೇಲಿತ್ತು. 2016ರ ಕೊನೆಗೆ ಲೆಕ್ಕ ಹಾಕಿದಾಗ ಶೇಕಡಾ 1ಕ್ಕಿಂತ ಕೆಳಗೆ ಬಂದಿತ್ತು. ಮಿತಿಮೀರಿದ ಕೊರತೆ ಇರೋ ದೇಶ ಅಂತ ಯುರೋಪಿಯನ್ ಯೂನಿಯನ್ 2014ರಲ್ಲಿ ಕ್ರೊಯೇಷಿಯಾವನ್ನು ನಿಗಾ ಪಟ್ಟಿಗೆ ಹಾಕಿತ್ತು, 2017ರಲ್ಲಿ ಆ ಪಟ್ಟಿಯಿಂದ ಹೊರಗೆ ಬಿಟ್ಟಿತು. ಇದರ ಪೂರ್ತಿ ಶ್ರೇಯಸ್ಸು ಒರೆಶ್ಕೊವಿಚ್‌ಗೆ ಕೊಡೋದು ತಪ್ಪಾಗುತ್ತೆ. ಆರ್ಥಿಕತೆ ಅವರು ಬರೋ ಮೊದಲೇ ಚೇತರಿಸಿಕೊಳ್ತಿತ್ತು, ಪ್ರವಾಸಿಗರು ಬರ್ತಿದ್ದರು. ಆದರೆ ಲೆಕ್ಕದ ಮನುಷ್ಯ ಲೆಕ್ಕದಲ್ಲಿ ಸೋಲಲಿಲ್ಲ ಅಂತಂತೂ ಹೇಳಬಹುದು.

ಸೋತದ್ದು ಎಲ್ಲಿ ಅಂತ ಹೇಳೋಕೆ ಎಣ್ಣೆ ಕಂಪನಿಯೊಂದರ ಕಥೆ ಹೇಳಬೇಕು. ಇನಾ. ಕ್ರೊಯೇಷಿಯಾದ ಸರ್ಕಾರಿ ತೈಲ ಕಂಪನಿ, ನಮ್ಮಲ್ಲಿ ಇಂಡಿಯನ್ ಆಯಿಲ್ ಇದ್ದ ಹಾಗೆ. 2003ರಲ್ಲಿ ಅದರ ಕಾಲು ಭಾಗವನ್ನು ಪಕ್ಕದ ಹಂಗೇರಿಯ ಮೋಲ್ ಕಂಪನಿ ಕೊಂಡಿತು. ಆಮೇಲೆ ಪಾಲು ಹೆಚ್ಚಾಗ್ತಾ ಶೇಕಡಾ 49ರ ಹತ್ತಿರ ಬಂತು. ಕ್ರೊಯೇಷಿಯಾ ಸರ್ಕಾರದ ಹತ್ತಿರ ಶೇಕಡಾ 45ರ ಆಸುಪಾಸು. ಆದರೆ 2009ರಲ್ಲಿ ಆಡಳಿತದ ಹಿಡಿತ ಮೋಲ್ ಕೈಗೆ ಹೋಯಿತು. ಆಗ ಪ್ರಧಾನಿಯಾಗಿದ್ದ ಇವೊ ಸನಾದೆರ್ ಇದಕ್ಕಾಗಿ 1 ಕೋಟಿ ಯುರೋ ಲಂಚ ತಗೊಂಡರು ಅನ್ನೋ ಮೊಕದ್ದಮೆ ವರ್ಷಾನುಗಟ್ಟಲೆ ನಡೀತು. 2012ರಲ್ಲಿ ಶಿಕ್ಷೆ, 2015ರಲ್ಲಿ ಸಾಂವಿಧಾನಿಕ ನ್ಯಾಯಾಲಯದಿಂದ ರದ್ದು, ಮರುವಿಚಾರಣೆ, 2019ರ ಕೊನೆಗೆ ಮತ್ತೆ ಶಿಕ್ಷೆ. ಲಂಚ ಕೊಟ್ಟಿಲ್ಲ ಅಂತ ಮೋಲ್ ಮೊದಲಿನಿಂದಲೂ ಹೇಳಿಕೊಂಡು ಬಂದಿದೆ. ಹೀಗಾಗಿ ಇನಾ ಅನ್ನೋದು ಕ್ರೊಯೇಷಿಯನ್ನರಿಗೆ ಬರೀ ಪೆಟ್ರೋಲ್ ಬಂಕ್ ಅಲ್ಲ. ಮನೆ ಬಂಗಾರ ಅಡವಿಟ್ಟು ಕಳಕೊಂಡ ಸಿಟ್ಟು ಅದರಲ್ಲಿದೆ. ಒಪ್ಪಂದವನ್ನು ಪ್ರಶ್ನಿಸಿ ಕ್ರೊಯೇಷಿಯಾ ಅಂತರರಾಷ್ಟ್ರೀಯ ಪಂಚಾಯ್ತಿಗೆ ಹೋಗಿತ್ತು, ಆ ಕೇಸು ನಡೀತಾ ಇತ್ತು.

ಇಂಥ ಹೊತ್ತಿನಲ್ಲಿ ಉಪಪ್ರಧಾನಿ ಕರಮಾರ್ಕೊ, ಪಂಚಾಯ್ತಿ ಕೇಸು ವಾಪಸ್ ತಗೊಳ್ಳೋದು ಒಳ್ಳೇದು ಅನ್ನೋ ಅರ್ಥದ ಮಾತಾಡಿದ್ದರು. ಮೇ ತಿಂಗಳಲ್ಲಿ ‘ನಾಸಿಯೊನಾಲ್’ ವಾರಪತ್ರಿಕೆ ಒಂದು ವರದಿ ಹಾಕಿತು. ಕರಮಾರ್ಕೊ ಅವರ ಪತ್ನಿಯ ಸಲಹಾ ಕಂಪನಿಗೆ, ಮೋಲ್ ಪರ ಕೆಲಸ ಮಾಡೋ ಲಾಬಿಗಾರನೊಬ್ಬನ ಕಂಪನಿಯಿಂದ ಸುಮಾರು 60 ಸಾವಿರ ಯುರೋ ಬಂದಿತ್ತು ಅಂತ. ಕರಮಾರ್ಕೊ ಉಪಪ್ರಧಾನಿ ಆಗೋಕೆ ಮೊದಲಿನ ವ್ಯವಹಾರ ಅದು. ತಪ್ಪು ಮಾಡಿಲ್ಲ ಅಂತ ಅವರು ಆಗಲೂ ಹೇಳಿದರು, ಆಮೇಲೂ ಹೇಳಿದರು.

ಎಸ್‌ಡಿಪಿ ಅವರ ವಿರುದ್ಧ ಅವಿಶ್ವಾಸ ಸೂಚನೆ ತಂತು. ಮಿತ್ರಪಕ್ಷವಾದ ಮೊಸ್ಟ್ ಕೂಡ, ಕರಮಾರ್ಕೊ ಹೋಗಲೇಬೇಕು ಅಂತು. ಸರ್ಕಾರದ ಒಳಗೇ ಇಬ್ಬರು ಉಪಪ್ರಧಾನಿಗಳು ಎದುರುಬದುರು. ಮಧ್ಯದ ಕುರ್ಚಿಯಲ್ಲಿ ಟಿಮ್.

ನೀವಾಗಿದ್ದರೆ ಏನು ಮಾಡ್ತಿದ್ರಿ? ಅನುಭವಿ ರಾಜಕಾರಣಿಯಾದರೆ ಹೊತ್ತು ಕಳೀತಾನೆ. ಸಮಿತಿ ಮಾಡ್ತಾನೆ, ರಾತ್ರಿ ಫೋನ್ ಮಾಡ್ತಾನೆ, ಎಚ್‌ಡಿಝೆಡ್ ಒಳಗೇ ಕರಮಾರ್ಕೊ ಮೇಲೆ ಮುನಿಸಿಕೊಂಡಿರೋ ಹತ್ತು ಜನರನ್ನು ಹುಡುಕ್ತಾನೆ, ಅವರ ಜೊತೆ ಕಾಫಿ ಕುಡೀತಾನೆ. ಒರೆಶ್ಕೊವಿಚ್ ಜೂನ್ ಮೊದಲ ವಾರದಲ್ಲಿ ಮ್ಯಾನೇಜರ್ ಮಾಡೋ ಕೆಲಸ ಮಾಡಿದರು. ಇಬ್ಬರ ಜಗಳದಿಂದ ಸಂಸ್ಥೆ ನಡೀತಿಲ್ಲ, ಆದ್ದರಿಂದ ಇಬ್ಬರೂ ರಾಜೀನಾಮೆ ಕೊಡಿ ಅಂದರು. ಕರಮಾರ್ಕೊ ಮತ್ತು ಪೆಟ್ರೋವ್, ಇಬ್ಬರೂ. ಬಹಿರಂಗವಾಗಿ.

ಇದರಲ್ಲಿ ತಪ್ಪೇನು ಅಂತ ನನಗೆ ಮೊದಲ ಸಲ ಓದಿದಾಗ ಅರ್ಥವೇ ಆಗಲಿಲ್ಲ. ನ್ಯಾಯವಾಗೇ ಇದೆಯಲ್ಲ? ಆಮೇಲೆ ಹೊಳೆಯಿತು. ಮೋಲ್ ಹಣದ ಪ್ರಶ್ನೆ ಎದ್ದದ್ದು ಒಬ್ಬರ ಮೇಲೆ. ಇವರು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರು. ಪೆಟ್ರೋವ್‌ಗೆ ಅದು ಅನ್ಯಾಯ ಅನ್ನಿಸಬಹುದಿತ್ತು, ಕರಮಾರ್ಕೊಗೆ ಅದು ದ್ರೋಹ. ಅದಕ್ಕಿಂತ ಮುಖ್ಯ, ರಾಜೀನಾಮೆ ಕೊಡಿ ಅಂತ ಹೇಳಿದ್ದು ಯಾರಿಗೆ? ತನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದವರಿಗೆ. ಕಂಪನಿಯಲ್ಲಿ ಸಿಇಒ ಪ್ರಮೋಟರ್‌ಗಳಿಗೆ ‘ನೀವಿಬ್ಬರೂ ಹೊರಡಿ’ ಅಂದರೆ ಮರುದಿನ ಯಾರ ಐಡಿ ಕಾರ್ಡು ಕೆಲಸ ಮಾಡಲ್ಲ ಹೇಳಿ.

ಎಚ್‌ಡಿಝೆಡ್ ತನ್ನದೇ ಸರ್ಕಾರದ ಪ್ರಧಾನಿಯ ವಿರುದ್ಧ ಅವಿಶ್ವಾಸ ಸೂಚನೆ ಮಂಡಿಸಿತು. ಜೂನ್ 15ರಂದು, ಸಾರ್ವಜನಿಕ ಹುದ್ದೆಯಲ್ಲಿರೋರ ಹಿತಾಸಕ್ತಿ ಸಂಘರ್ಷ ನೋಡೋ ಆಯೋಗ, ಕರಮಾರ್ಕೊ ಹಿತಾಸಕ್ತಿ ಸಂಘರ್ಷದಲ್ಲಿದ್ದರು ಅಂತ ತೀರ್ಮಾನ ಕೊಟ್ಟಿತು. ಅವತ್ತೇ ಅವರು ಉಪಪ್ರಧಾನಿ ಹುದ್ದೆಗೆ ರಾಜೀನಾಮೆ ಕೊಟ್ಟರು, ಮುಂದೆ ಆ ತೀರ್ಮಾನದ ವಿರುದ್ಧ ಕೋರ್ಟಿಗೂ ಹೋದರು. ಸರಿ, ಒರೆಶ್ಕೊವಿಚ್ ಕೇಳಿದ್ದರಲ್ಲಿ ಅರ್ಧ ಆಯ್ತು ಅಂತ ಅಂದುಕೊಳ್ಳೋಣ. ಅವಿಶ್ವಾಸ ಸೂಚನೆ ಮಾತ್ರ ವಾಪಸಾಗಲಿಲ್ಲ.

ಝಾಗ್ರೆಬ್‌ನ ಹಳೇ ಪೇಟೆಯಲ್ಲಿ ಸೇಂಟ್ ಮಾರ್ಕ್ ಚೌಕ ಅಂತಿದೆ. ಮಧ್ಯದಲ್ಲಿ ಒಂದು ಚರ್ಚು, ಅದರ ಮಾಡಿನ ಮೇಲೆ ಬಣ್ಣದ ಹೆಂಚಿನಲ್ಲಿ ಲಾಂಛನ ಬಿಡಿಸಿದ್ದಾರೆ, ಫೋಟೊದಲ್ಲಿ ನೋಡಿರ್ತೀರಿ. ಒಂದು ಪಕ್ಕಕ್ಕೆ ಸರ್ಕಾರದ ಕಚೇರಿ, ಎದುರು ಪಕ್ಕಕ್ಕೆ ಸಾಬೊರ್. ನಡೆದರೆ ಒಂದು ನಿಮಿಷ. ಜೂನ್ 16ರಂದು ಆ ಒಂದು ನಿಮಿಷದ ದೂರದ ಆಚೆ ಮತದಾನ ನಡೀತು. ಅವಿಶ್ವಾಸದ ಪರ 125. ವಿರುದ್ಧ 15. ತಟಸ್ಥ 2. ಆಳುವ ಪಕ್ಷವೂ ವಿರೋಧ ಪಕ್ಷವೂ ಒಂದೇ ಗುಂಡಿ ಒತ್ತಿದವು. ಬದ್ಧವೈರಿಗಳಾದ ಎಚ್‌ಡಿಝೆಡ್ ಮತ್ತು ಎಸ್‌ಡಿಪಿ ಒಟ್ಟಾಗಿ ಮತ ಹಾಕೋದು ಅಲ್ಲಿ ಅಪರೂಪ. ಅವಿಶ್ವಾಸ ಮತದಿಂದ ಬಿದ್ದ ಮೊದಲ ಕ್ರೊಯೇಷಿಯನ್ ಸರ್ಕಾರ ಅದು. ಐದು ತಿಂಗಳು ತುಂಬೋಕೆ ಇನ್ನೂ ಆರು ದಿನ ಇತ್ತು.

ಆ 15 ಯಾರು ಅಂತೀರಾ? ಮೊಸ್ಟ್‌ನವರು. ಇವರು ಯಾರ ನಾಯಕನಿಗೂ ರಾಜೀನಾಮೆ ಕೊಡಿ ಅಂದಿದ್ದರೋ, ಅವರೇ ಕೊನೆಗೂ ಜೊತೆಗಿದ್ದದ್ದು.

ಇಲ್ಲಿಗೆ ಮುಗಿಸಿದರೆ ಗ್ರೂಪಿನ ಗೆಳೆಯನಿಗೆ ಉತ್ತರ ಸಿಕ್ಕ ಹಾಗೆ: ನೋಡಪ್ಪ, ಸಿಇಒ ತಂದರೆ ಹೀಗಾಗುತ್ತೆ. ಆದರೆ ಅಷ್ಟು ಸುಲಭ ಅಲ್ಲ. ಒರೆಶ್ಕೊವಿಚ್ ಬೀಳ್ತಾರೆ ಅಂತ ಗೊತ್ತಾದಾಗ ಎಚ್‌ಡಿಝೆಡ್ ಹೊಸ ಪ್ರಧಾನಿ ಅಭ್ಯರ್ಥಿ ಅಂತ ಮುಂದಿಟ್ಟ ಹೆಸರು ಕೇಳಿ: ಝ್ದ್ರಾವ್ಕೊ ಮಾರಿಚ್. ಅದೇ ಸರ್ಕಾರದ ಹಣಕಾಸು ಸಚಿವ. ಅವರೂ ಪಕ್ಷ ಇಲ್ಲದವರು. ಅವರೂ ಕಾರ್ಪೊರೇಟ್‌ನಿಂದ ಬಂದವರು, ಅಗ್ರೊಕೊರ್ ಅನ್ನೋ ದೈತ್ಯ ಕಂಪನಿಯಲ್ಲಿ ಇದ್ದವರು. ಒಬ್ಬ ಲೆಕ್ಕದ ಮನುಷ್ಯನನ್ನು ಕೆಳಗಿಳಿಸಿ ಇನ್ನೊಬ್ಬ ಲೆಕ್ಕದ ಮನುಷ್ಯನನ್ನು ಕೂರಿಸೋಕೆ ಹೊರಟಿದ್ದರು! 76 ಸಹಿ ಸಿಗಲಿಲ್ಲ. ಸಾಬೊರ್ ವಿಸರ್ಜನೆಯಾಯ್ತು, ಕರಮಾರ್ಕೊ ಪಕ್ಷದ ಅಧ್ಯಕ್ಷ ಸ್ಥಾನವನ್ನೂ ಬಿಟ್ಟರು. ಅವರ ಜಾಗಕ್ಕೆ ಬಂದವರು ಆಂದ್ರೆ ಪ್ಲೆಂಕೊವಿಚ್. ರಾಜತಾಂತ್ರಿಕ, ಯುರೋಪಿಯನ್ ಸಂಸತ್ತಿನ ಸದಸ್ಯ, ಮೆದು ಮಾತು. ಸೆಪ್ಟೆಂಬರ್ 11ರ ಚುನಾವಣೆ ಗೆದ್ದರು. ಯಾರ ಜೊತೆ ಸರ್ಕಾರ ಮಾಡಿದರು? ಮೊಸ್ಟ್ ಜೊತೆಗೇ. ನಗು ಬರುತ್ತೆ ಅಲ್ವಾ.

ಮಾರಿಚ್ ಹಣಕಾಸು ಸಚಿವರಾಗಿ ಮುಂದುವರಿದರು. 2017ರಲ್ಲಿ ಅಗ್ರೊಕೊರ್ ಸಾಲದಲ್ಲಿ ಮುಳುಗಿದಾಗ, ನೀವು ಅಲ್ಲೇ ಇದ್ದವರಲ್ವಾ, ರಾಜೀನಾಮೆ ಕೊಡಿ ಅಂತ ಮೊಸ್ಟ್‌ನವರು ಪಟ್ಟು ಹಿಡಿದರು. ಹಿಂದಿನ ವರ್ಷದ ದೃಶ್ಯವೇ ಮತ್ತೆ: ಮಿತ್ರಪಕ್ಷ ಒಬ್ಬರ ತಲೆದಂಡ ಕೇಳ್ತಿದೆ, ಪ್ರಧಾನಿ ಮಧ್ಯದಲ್ಲಿದ್ದಾರೆ. ಪ್ಲೆಂಕೊವಿಚ್ ಇಬ್ಬರನ್ನೂ ಹೊರಡಿ ಅನ್ನಲಿಲ್ಲ. ಏಪ್ರಿಲ್ 27ರಂದು ಮೊಸ್ಟ್‌ನ ಸಚಿವರನ್ನೇ ವಜಾ ಮಾಡಿದರು, ಬೇರೆ ಕಡೆಯಿಂದ ಬೇಕಾದಷ್ಟು ಮತ ಹೊಂದಿಸಿಕೊಂಡರು, ಸರ್ಕಾರ ಉಳಿಯಿತು. ಇದು ಒರೆಶ್ಕೊವಿಚ್ ಮಾಡಿದ್ದಕ್ಕಿಂತ ಹೆಚ್ಚು ನ್ಯಾಯವಾದದ್ದಾ? ನನಗಂತೂ ಹಾಗೆ ಅನ್ನಿಸಲ್ಲ. ಆದರೆ ಪ್ಲೆಂಕೊವಿಚ್ ಹಿಂದೆ ಪಕ್ಷ ಇತ್ತು, ಸಾಬೊರ್‌ನಲ್ಲಿ ಎಣಿಸೋಕೆ ತಲೆಗಳಿದ್ದವು. ಆ ನೆರಳಿನಲ್ಲಿ ಮಾರಿಚ್ 2022ರ ಜುಲೈವರೆಗೆ ಹಣಕಾಸು ಸಚಿವರಾಗಿದ್ದರು. ಆರು ವರ್ಷ. ಕ್ರೊಯೇಷಿಯಾ ಯುರೋ ಕರೆನ್ಸಿಗೆ ಹೋಗೋ ತಯಾರಿಯೆಲ್ಲ ಅವರ ಕಾಲದಲ್ಲೇ ಆದದ್ದು. ಒಂದೇ ಸರ್ಕಾರದಲ್ಲಿ ಒಟ್ಟಿಗೆ ಶುರುಮಾಡಿದ ಇಬ್ಬರು ಕಾರ್ಪೊರೇಟ್ ಮನುಷ್ಯರು. ಒಬ್ಬರನ್ನು ಯಾರೂ ಕಾಯಲಿಲ್ಲ, ಇನ್ನೊಬ್ಬರನ್ನು ಕಾಯೋಕೆ ಒಬ್ಬ ರಾಜಕಾರಣಿ ಇದ್ದ. ಗ್ರೂಪಿನಲ್ಲಿ ನಾವೆಲ್ಲ ಮನೆಗೆ ಕಳಿಸಬೇಕು ಅಂತಿದ್ದೆವಲ್ಲ, ಅಂಥದ್ದೇ ರಾಜಕಾರಣಿ.

ಇನಾ ಕೇಸು? 2016ರ ಡಿಸೆಂಬರ್‌ನಲ್ಲಿ ಪಂಚಾಯ್ತಿ ಕ್ರೊಯೇಷಿಯಾದ ವಾದವನ್ನು ತಳ್ಳಿಹಾಕಿತು. ಇಷ್ಟೆಲ್ಲ ಗಲಾಟೆಗೆ ಕಾರಣವಾದ ಕೇಸು ಕೊನೆಗೆ ಸೋತಿತು.

ಇನ್ನು ಟಿಮ್. ಜೂನ್ 16ರ ಮತದಾನ ಆದಮೇಲೂ ಅವರು ತಕ್ಷಣ ಹೊರಡೋ ಹಾಗಿರಲಿಲ್ಲ. ಹೊಸ ಸರ್ಕಾರ ಬರೋವರೆಗೆ ಹಂಗಾಮಿ ಪ್ರಧಾನಿ. ಬೇಡ ಅಂತ 125 ಜನ ಹೇಳಿದ ಕಚೇರಿಗೆ ಇನ್ನೂ ನಾಲ್ಕು ತಿಂಗಳು, ಜುಲೈ, ಆಗಸ್ಟ್, ದಿನಾ ಬೆಳಿಗ್ಗೆ ಬಂದು ಕೂತರು. ಸೆಪ್ಟೆಂಬರ್‌ನ ಚುನಾವಣೆಗೆ ನಿಲ್ಲಲಿಲ್ಲ. ಅಕ್ಟೋಬರ್ 19ರಂದು ಪ್ಲೆಂಕೊವಿಚ್‌ಗೆ ಅಧಿಕಾರ ಬಿಟ್ಟುಕೊಟ್ಟು ಎದ್ದರು.

ಗ್ರೂಪಿಗೆ ನಾನು ಇದನ್ನೆಲ್ಲ ಬರೆದು ಹಾಕಿದೆ. ಉದ್ದ ಆಯ್ತು, ಯಾರೂ ಪೂರ್ತಿ ಓದಿರಲ್ಲ. ಆ ಗೆಳೆಯ ಮಾತ್ರ ಅರ್ಧ ಗಂಟೆ ಬಿಟ್ಟು ಒಂದು ಸಾಲು ಹಾಕಿದ: ‘ಹಾಗಾದ್ರೆ ಸಿಇಒಗೂ ಒಂದು ಪಕ್ಷ ಬೇಕು ಅಂತೀಯಾ?’ ನಾನಿನ್ನೂ ಉತ್ತರ ಕೊಟ್ಟಿಲ್ಲ. ನಿಮಗೆ ಏನನ್ನಿಸುತ್ತೆ ಅಂತ ಕಾಮೆಂಟ್‌ನಲ್ಲಿ ಹಾಕಿ, ಓದ್ತೀನಿ.